ಸಪ್ಪಳ ಬೇಡವೆಂದು ಕೊಂಡ ಕಾರು

ಕಾಲುವೆ ರಸ್ತೆಯ ಮೇಲೆ ಹತ್ತೊಂಬತ್ತು ವರ್ಷ ಜನ ನನ್ನನ್ನು ಕಾಣುವುದಕ್ಕಿಂತ ಮೊದಲು ಕೇಳುತ್ತಿದ್ದರು. ಮನೆ ಶಹಾಪುರದಲ್ಲಿ, ಶಾಲೆ ಸುರಪುರದ ಕಡೆಗಿರುವ ಒಂದು ಹಳ್ಳಿಯಲ್ಲಿ. ಅಲ್ಲಿ ನಾನು ಗಣಿತದ ಮಾಸ್ತರ. ಹೋಗಿಬರಲು ಒಂದು ಹಳೆಯ ಮೋಟರ್ ಸೈಕಲ್ಲಿತ್ತು. ಅದರ ಸೈಲೆನ್ಸರಿಗೆ ತೂತು ಬಿದ್ದು ಎಷ್ಟು ಕಾಲವಾಗಿತ್ತೋ ನನಗೇ ನೆನಪಿರಲಿಲ್ಲ. ನಾನಿನ್ನೂ ಎರಡು ತಿರುವು ಆಚೆ ಇರುವಾಗಲೇ ಹುಡುಗರು ಗೋಲಿ ಜೇಬಿಗಿಳಿಸುತ್ತಿದ್ದರು, ರಸ್ತೆಯಲ್ಲಿ ಮಲಗಿದ ನಾಯಿಗಳು ಮೈಮುರಿದು ಎದ್ದು ಬದಿಗೆ ಹೋಗುತ್ತಿದ್ದವು, ಕಾಲುವೆ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮಾಸ್ತರ ಬಂದರೆ ಊರಿಗೆಲ್ಲ ಹೊತ್ತು ತಿಳಿಯುತ್ತದೆ ಎಂದು ತಮಾಷೆ ಮಾಡುತ್ತಿದ್ದರು.

ಇದನ್ನು ಬರೆಯುತ್ತಿರುವುದು ಆ ಗಾಡಿಯ ನೆನಪಿಗಲ್ಲ, ಒಂದು ಕೂಸಿನ ಸಲುವಾಗಿ. ಏಳು ತಿಂಗಳ ಹೆಣ್ಣು ಕೂಸು. ಹೆತ್ತವಳು ನನ್ನ ಹತ್ತಿರವೇ ಹತ್ತನೆಯ ತರಗತಿವರೆಗೆ ಗಣಿತ ಕಲಿತವಳು. ಕಾರು ಕೊಳ್ಳುವಾಗ ನಾನು ಮಾಡಿದ ಒಂದು ಸಣ್ಣ ಉಳಿತಾಯಕ್ಕೆ ಆ ಕೂಸಿನ ಜೀವ ಹೋಗಿಬಿಡುತ್ತಿತ್ತು, ಒಂದು ಗೇಣಿನಲ್ಲಿ ಉಳಿಯಿತು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯಲು ಧೈರ್ಯ ಬರುತ್ತದೆ.

ನಾನು ಜುಗ್ಗ. ಹೆಂಡತಿ ಹೇಳುವ ಮಾತಿದು, ನಾನು ಅದಕ್ಕೆ ಲೆಕ್ಕಾಚಾರ ಎನ್ನುತ್ತೇನೆ. ಸೊಂಟ ನೋವು ಶುರುವಾದ ಮೇಲೆ ಮೋಟರ್ ಸೈಕಲ್ ಬಿಡಲೇಬೇಕೆಂದು ಡಾಕ್ಟರು ಹೇಳಿದಾಗ ಕರೆಂಟಿನ ಕಾರೇ ಬೇಕೆಂದು ಹಟ ಹಿಡಿದೆ. ಪೆಟ್ರೋಲು ಕುಡಿಯದ ಕಾರೆಂದರೆ ಮೇವು ತಿನ್ನದ ಎಮ್ಮೆಯಂತೆ ಕಂಡಿತ್ತು ನನಗೆ. ಆದರೆ ಬೆಲೆ ಕೇಳಿ ಕೈಬಿಟ್ಟೆ. ಅಲ್ಲಿಂದ ಎರಡು ವರ್ಷ ನನ್ನ ಸಂಜೆಗಳೆಲ್ಲ ಫೋನಿನಲ್ಲಿ ಹೋದವು. ಮುಂದೆ ಬರುವ ಮಾಡೆಲ್ಲುಗಳ ವಿಡಿಯೊ ನೋಡುವುದೇ ಕೆಲಸ. ದೀಪಾವಳಿಗೆ ಒಂದು ಅಗ್ಗದ ಕಾರು ಬರುತ್ತದಂತೆ, ಯುಗಾದಿಗೆ ಅದಕ್ಕಿಂತ ಅಗ್ಗದ್ದು, ಮುಂದಿನ ವರ್ಷ ಬ್ಯಾಟರಿ ಬೆಲೆ ಇಳಿಯುತ್ತದಂತೆ. ಬಂದದ್ದನ್ನು ಬಿಟ್ಟು ಬರಲಿರುವುದನ್ನು ಕಾಯುವುದರಲ್ಲಿ ಒಂದು ಸುಖವಿದೆ, ಖರ್ಚಿಲ್ಲದ ಸುಖ. "ನಿಮ್ಮ ಕಾರು ಬರೂದ್ರಾಗ ನೀವು ನಾಕು ಮಂದಿ ಹೆಗಲ ಮ್ಯಾಲ ಹೋಗಿರ್ತೀರಿ" ಎಂದು ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು.

ಕೊನೆಗೂ ಬಂತು. ಸಣ್ಣ ಕಾರು, ಬ್ಯಾಟರಿಯನ್ನು ಕೊಳ್ಳುವ ಬದಲು ಬಾಡಿಗೆಗೆ ಪಡೆಯುವ ಯೋಜನೆ, ಓಡಿಸಿದಷ್ಟಕ್ಕೆ ಬಾಡಿಗೆ. ಬೆಲೆ ಒಮ್ಮೆಲೇ ನನ್ನಂಥವನ ಕೈಗೆಟುಕುವಷ್ಟು ಕೆಳಗಿಳಿದಿತ್ತು. ಕಲಬುರಗಿಯ ಶೋರೂಮಿಗೆ ಹೋದೆ. ಅಲ್ಲಿನ ಮಾರಾಟಗಾರ ಅದರಲ್ಲೇ ಎರಡು ತರಹ ತೋರಿಸಿದ. ಸ್ವಲ್ಪ ದುಬಾರಿಯದರಲ್ಲಿ ಮುಂದುಗಡೆ ಒಂದು ಪುಟ್ಟ ಪೆಟ್ಟಿಗೆಯಿತ್ತು. ಗಾಡಿ ನಿಧಾನವಾಗಿ ಹೋಗುವಾಗ ಅದು ಗುಂಯ್ ಎಂದು ಸದ್ದು ಮಾಡುತ್ತದೆ, ರಸ್ತೆಯಲ್ಲಿ ನಡೆಯುವವರಿಗೆ ಕಾರು ಬಂತೆಂದು ತಿಳಿಯಲಿ ಎಂದು. ಅಗ್ಗದ್ದರಲ್ಲಿ ಅದಿಲ್ಲ. ನನಗೆ ನಗು ಬಂತು. ಸದ್ದಿಲ್ಲವೆಂದೇ ಜನ ಇಂಥ ಕಾರನ್ನು ಹೊಗಳುವುದು, ಮತ್ತೆ ಅದಕ್ಕೆ ಸದ್ದು ಹಾಕಿಸಿಕೊಳ್ಳಲು ಬೇರೆ ದುಡ್ಡು. ಸಪ್ಪಳಕ್ಕೂ ರೊಕ್ಕಾ ಕೊಡಬೇಕೇನಪಾ ಎಂದು ಕೇಳಿದೆ. ಅವನೂ ನಕ್ಕ. ನಾನು ಅಗ್ಗದ್ದನ್ನೇ ತಂದೆ, ಮತ್ತು ಆ ಮಾತನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ.

ಮೊದಲ ವಾರವೇ ಏನೋ ಬೇರೆಯಾಗಿದೆ ಎನಿಸತೊಡಗಿತು. ನಾಯಿಗಳು ಏಳಲಿಲ್ಲ. ಕಾರು ಅವುಗಳ ಮೂತಿಯವರೆಗೆ ಹೋಗಿ ನಿಂತರೂ ಹೊಟ್ಟೆ ಏರಿಳಿಸುತ್ತ ಮಲಗಿಯೇ ಇದ್ದವು. ಕಾಲುವೆ ದಂಡೆಯ ಬೆಳ್ಳಕ್ಕಿಗಳು ನಾನು ಮಾರುದೂರದಲ್ಲಿ ಹಾಯ್ದರೂ ಹಾರಲಿಲ್ಲ. ಚಳಿಗಾಲ ಶುರುವಾಗಿತ್ತು. ಬೆಳಿಗ್ಗೆ ಕಾಲುವೆ ನೀರಿನಿಂದ ಮಂಜು ಎದ್ದು ರಸ್ತೆಯ ಮೇಲೆ ಬಂದು ನಿಲ್ಲುತ್ತಿತ್ತು. ಒಂದು ದಿನ ಆ ಮಂಜಿನಲ್ಲಿ ಇಬ್ಬರು ಗಂಡಸರು ಮುಂದೆ ನಡೆದು ಹೋಗುತ್ತಿದ್ದರು. ನಾನು ಹಿಂದೆ, ನಡಿಗೆಯ ವೇಗದಲ್ಲಿ. ಹಾರ್ನ್ ಹೊಡೆಯಲು ಯಾಕೋ ಸಂಕೋಚವಾಯಿತು. ಒಬ್ಬ ತನ್ನ ಮಗಳಿಗೆ ನೋಡಿದ ಗಂಡಿನ ಬಗ್ಗೆ ಹೇಳುತ್ತಿದ್ದ, ಹುಡುಗ ಕುಡಿಯುತ್ತಾನೆಂದು ಸುದ್ದಿ ಬಂದಿತ್ತಂತೆ. ಕಿಟಕಿ ಇಳಿಸಿದ್ದರಿಂದ ಪ್ರತಿ ಮಾತೂ ಕೇಳುತ್ತಿತ್ತು. ಅವರ ಬೆನ್ನಿಗೆ ಇಷ್ಟು ಹತ್ತಿರ ನಾನಿದ್ದೇನೆ, ಅವರಿಗೆ ನಾನಿಲ್ಲ.

ಸತ್ತವರು ಕೆಲವು ದಿನ ತಾವು ಓಡಾಡಿದ ದಾರಿಯಲ್ಲೇ ಓಡಾಡುತ್ತಾರೆ, ಯಾಕೆ ಯಾರೂ ಮಾತಾಡಿಸುವುದಿಲ್ಲವೆಂದು ಅವರಿಗೆ ತಿಳಿಯುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅದು ನೆನಪಾದದ್ದೇ ಹಾರ್ನ್ ಒತ್ತಿದೆ. ಇಬ್ಬರೂ ಒಮ್ಮೆಲೇ ತಿರುಗಿದರು. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಬರೀ ಅಂಜಿಕೆ. ಒಬ್ಬ ಎದೆ ಮೇಲೆ ಕೈ ಇಟ್ಟುಕೊಂಡು ನನ್ನನ್ನು ಗುರುತಿಸಲು ಬಹಳ ಹೊತ್ತು ತೆಗೆದುಕೊಂಡ. ಆಮೇಲೆ ಆ ಮುಖವನ್ನು ನಾನು ದಿನಾ ಬೇರೆ ಬೇರೆಯವರಲ್ಲಿ ನೋಡಿದೆ. ಹಳೆಯ ವಿದ್ಯಾರ್ಥಿಗಳ ಹೊರತು ಯಾರೂ ನನ್ನನ್ನು ಕಂಡು ಹಾಗೆ ಹೆದರಿದ್ದಿಲ್ಲ ಎಂದು ಮನೆಯಲ್ಲಿ ಹೇಳಿ ನಕ್ಕೆ. ಹೆಂಡತಿ ನಗಲಿಲ್ಲ.

ಶಾಲೆಗೆ ಅರ್ಧ ಮೈಲು ಈಚೆ, ರಸ್ತೆಗೆ ಹತ್ತಿಕೊಂಡೇ ಆ ನನ್ನ ವಿದ್ಯಾರ್ಥಿನಿಯ ಮನೆ. ಕಟ್ಟೆಯ ಮೇಲೆ ಅವಳ ಅತ್ತೆ ಕೂತಿರುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಬೆಳಕಷ್ಟೇ ಕಾಣುತ್ತಿತ್ತು ಮುದುಕಿಗೆ, ಆದರೆ ಕಿವಿ ಚುರುಕು. ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರ್ ಯಾರದೆಂದು ಸದ್ದಿನಿಂದಲೇ ಹೇಳುತ್ತಿದ್ದಳು. ಕಾರು ತಂದ ಹೊಸದರಲ್ಲಿ ಅವಳ ಮುಂದೆ ನಿಲ್ಲಿಸಿ ಮಾತಾಡಿಸಿದೆ. ಬೆಚ್ಚಿಬಿದ್ದಳು. ಮಾಸ್ತರ ಯಾವಾಗ ಬಂದೆ, ಗಾಡಿ ಎಲ್ಲಿ ಬಿಟ್ಟೆ ಎಂದು ಕೇಳಿದಳು. ಅವಳ ಕೈ ಹಿಡಿದು ಕಾರಿನ ಮೇಲೆ ಇಡಿಸಿದೆ. ಮುಟ್ಟಿ ಮುಟ್ಟಿ ನೋಡಿದಳು, ಕೈ ಸೆರಗಿಗೆ ಒರೆಸಿಕೊಂಡಳು.

"ಸಪ್ಪಳ ಮಾಡ್ದೆ ಬರೂವು ಎರಡೇ ನೋಡಪಾ ಮಾಸ್ತರ. ಒಂದು ಹಾವು, ಇನ್ನೊಂದು ಈ ಕಾಲಿವಿ ನೀರು" ಎಂದಳು.

ಕಾಲುವೆ ತೋಡಿ ಸಿಮೆಂಟು ಹಾಕಿ ಎಷ್ಟೋ ದಿನ ಒಣಗಿಯೇ ಬಿದ್ದಿತ್ತಂತೆ. ನೆಲ ಹಸನಾಗಿದೆಯೆಂದು ಊರವರು ಅದರೊಳಗೇ ಶೇಂಗಾ ಒಣಹಾಕುತ್ತಿದ್ದರು, ಆಡು ಕಟ್ಟುತ್ತಿದ್ದರು. ನೀರು ಬಿಡುತ್ತಾರೆಂದು ಡಂಗುರ ಹೊಡೆಸಿದ್ದರೂ ನೀರೆಂದರೆ ಹಳ್ಳದಂತೆ ಭೋರ್ಗರೆದು ಬರುತ್ತದೆ, ಆಗ ಎದ್ದರಾಯಿತು ಎಂದುಕೊಂಡಿದ್ದರಂತೆ. ನೀರು ಹಾಗೆ ಬರಲಿಲ್ಲ. ಚಾಪೆ ಬಿಚ್ಚಿದಂತೆ ಸುಮ್ಮನೆ ಬಂತು. ಅವಳ ಎರಡು ಆಡು ಕಟ್ಟಿದಲ್ಲೇ ಹೋದವು, ಒಮ್ಮೆಯೂ ಒದರಲಿಲ್ಲ. ಹಾಗಾದರೆ ಈಗ ಮೂರಾಯಿತು ನೋಡು ಅವ್ವ ಎಂದು ನಾನು ಕಾರಿಗೆ ಕೈ ಬಡಿದು ನಕ್ಕೆ. ಆ ಮಾತು ಆಡಬಾರದಿತ್ತು.

ಸೊಸೆ ಒಳಗಿನಿಂದ ಕೂಸನ್ನು ಎತ್ತಿಕೊಂಡು ಬಂದಳು. ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದ ಕೂಸು. ಅದಕ್ಕಾಗಿ ಮುದುಕಿ ಬರಿಗಾಲಲ್ಲಿ ನಡೆದ ಗುಡಿಗಳೆಷ್ಟೋ, ಈ ಸೊಸೆ ಕೇಳಿಸಿಕೊಂಡ ಮಾತುಗಳೆಷ್ಟೋ. ಅವಳಿಗೆ ಕಾರು ಬಹಳ ಹಿಡಿಸಿತು. ಬೆಲೆ ಕೇಳಿದಳು, ಬ್ಯಾಟರಿ ಬಾಡಿಗೆಯ ಲೆಕ್ಕ ಕೇಳಿ ಬಾಯಲ್ಲೇ ಗುಣಿಸಿ ನನಗಿಂತ ಮೊದಲು ಉತ್ತರ ಹೇಳಿದಳು. ಪಿಯುಸಿ ಓದಿಸಿದ್ದರೆ ಎಲ್ಲಿರುತ್ತಿದ್ದಳೋ ಎಂದು ನನಗೆ ಆಗಲೂ ಅನಿಸಿತು. ಆಮೇಲೆ ಒಂದು ಮಾತು ಹೇಳಿದಳು. "ನಿಮ್ಮ ಗಾಡಿಗೆ ಹೊಟ್ಟಿ ಕೆಳಗ ಬೆಂಕಿ ಇಲ್ಲಂತಲ್ರಿ ಸರ. ತೊಗರಿ ಹಾಕಿದ ಮ್ಯಾಲ ದಿನಾ ನಮ್ಮ ರಾಶಿ ಮ್ಯಾಲಿಂದs ಹೋಗ್ರಿ."

ಇದು ನಮ್ಮ ಕಡೆಯ ರೂಢಿ. ತೊಗರಿ ಕೊಯ್ದ ಮೇಲೆ ಕಟ್ಟಿಗೆ ಸಮೇತ ಡಾಂಬರು ರಸ್ತೆಗೆ ಹರವುತ್ತಾರೆ. ಹೋಗಿಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ, ಹೆಂಗಸರು ಆಗಾಗ ತಿರುವಿ ಹಾಕಿ ಕೇರಿ ಒಟ್ಟುತ್ತಾರೆ. ಬದಿಗೆ ಸರಿದು ಹೋಗುವವನನ್ನು ಸೊಕ್ಕಿನವನೆನ್ನುತ್ತಾರೆ. ಹಾಗೆಂದು ಕಾರಿನವರಿಗೆ ಭಯವೂ ಇದೆ. ಒಣ ಕಟ್ಟಿಗೆ ಕೆಳಗೆ ಸಿಕ್ಕಿ ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡದ್ದನ್ನು ನಾವೆಲ್ಲ ಕೇಳಿದ್ದೇವೆ. ನನ್ನ ಕಾರಿಗೆ ಆ ಭಯವಿಲ್ಲ. ಹಾಗಾಗಿ ತೊಗರಿ ಸುಗ್ಗಿ ಬಂದಾಗ ನನಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂತು. ಮಾಸ್ತರ, ನಮ್ಮದರ ಮೇಲೆ ಎರಡು ಸುತ್ತು ಹಾಕಿ ಹೋಗಿ ಎಂದು ಕರೆದು ಕರೆದು ಹೇಳಿದರು. ನಾನೂ ಬೀಗಿದೆ, ಸುಳ್ಳೇಕೆ.

ಆ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಶಾಲೆಗೆ ತಡವಾಗಿತ್ತು. ಅವಳ ರಾಶಿ ಕಂಡಿತು, ಉದ್ದಕ್ಕೆ ಹರವಿದ್ದು. ಆಚೆ ತುದಿಯಲ್ಲಿ, ರಸ್ತೆಯ ಬದಿಗೆ, ಅವಳು ನನಗೆ ಬೆನ್ನು ಮಾಡಿ ಮೊರದಲ್ಲಿ ಕೇರುತ್ತಿದ್ದಳು. ನಾನು ವೇಗ ಇಳಿಸಿ ಎಂದಿನಂತೆ ಸೀದಾ ಹತ್ತಿಸಿದೆ. ಕಟ್ಟಿಗೆ ಚಟಚಟ ಮುರಿಯಿತು. ಅವಳು ತಿರುಗಿದಳು. ನಾನು ಅವಳಿಗೆ ಕೈ ಎತ್ತಿ ತೋರಿಸುತ್ತ ರಾಶಿ ದಾಟಿ ಮುಂದೆ ಹೋದೆ. ಕನ್ನಡಿಯಲ್ಲಿ ನೋಡಿದರೆ ಕಾರಿನ ಹಿಂದೆ ಬಣ್ಣಬಣ್ಣದ ಬಟ್ಟೆ ಎಳೆದುಕೊಂಡು ಬರುತ್ತಿತ್ತು. ಯಾರದೋ ಕೌದಿ ಸಿಕ್ಕಿಕೊಂಡಿತಲ್ಲ, ಹೊತ್ತಾದಾಗಲೇ ಇದೆಲ್ಲ ಎಂದು ಬೈದುಕೊಳ್ಳುತ್ತ ನಿಲ್ಲಿಸಿ ಇಳಿದೆ.

ಕೌದಿ ಚಿಕ್ಕದಿತ್ತು, ತೊಟ್ಟಿಲಿಗೆ ಹಾಸುವಷ್ಟು. ಅದನ್ನು ಬಿಡಿಸಿ ಎತ್ತಿ ಹಿಡಿದೆ. ಅವಳು ರಾಶಿಯ ತುದಿಯಲ್ಲಿ ನಿಂತೇ ಇದ್ದಳು. ಕೂಗಲಿಲ್ಲ, ಓಡಿಬರಲಿಲ್ಲ. ಮೊರ ಕೈಯಿಂದ ಜಾರಿ ಕಾಳೆಲ್ಲ ಕಾಲಮೇಲೆ ಸುರಿದಿತ್ತು. ಅವಳ ಕಣ್ಣು ನನ್ನ ಮೇಲಿರಲಿಲ್ಲ, ರಾಶಿಯ ನಡುವೆ ನೆಟ್ಟಿತ್ತು. ನಾನೂ ಅಲ್ಲಿ ನೋಡಿದೆ. ಗಾಲಿಗಳು ತುಳಿದ ಎರಡು ಗೆರೆಗಳ ಮಧ್ಯೆ, ತೊಗರಿ ಕಟ್ಟಿಗೆಯಲ್ಲಿ ಗುಂಡಿ ಮಾಡಿದ ಜಾಗದಲ್ಲಿ, ಕೂಸು ಅಂಗಾತ ಮಲಗಿತ್ತು. ಕಣ್ಣು ಮುಚ್ಚಿತ್ತು. ಮುಖದ ಮೇಲೆ ಹೊಟ್ಟು ಬಿದ್ದಿತ್ತು.

ಕೂಸನ್ನು ರಸ್ತೆ ನಡುವೆ ಯಾರಾದರೂ ಮಲಗಿಸುತ್ತಾರೆಯೇ ಎಂದು ಊರ ಹೊರಗಿನವರು ಕೇಳಬಹುದು. ಒಂದು ಬದಿಗೆ ಕಾಲುವೆ, ಎದೆಮಟ್ಟ ನೀರು. ಇನ್ನೊಂದು ಬದಿಗೆ ಹತ್ತಿ ಹೊಲದ ಬದು, ಹಾವಿನ ಹುತ್ತ. ಇದ್ದದ್ದರಲ್ಲಿ ಬೆಚ್ಚಗಿನ, ಹಸನಾದ ಜಾಗ ರಸ್ತೆಯ ನಡುವೆಯೇ. ಗಾಳಿಗೆ ಅಡ್ಡವಾಗಿ ಕಟ್ಟಿಗೆ ಇರುತ್ತದೆ. ಗಾಡಿ ಬಂದರೆ ಒಂದು ಮೈಲಿನಿಂದ ಕೇಳುತ್ತದೆ, ಎದ್ದು ಹೋಗಿ ಎತ್ತಿಕೊಂಡರಾಯಿತು. ಅಲ್ಲಿಯ ಹೆಂಗಸರೆಲ್ಲ ಹಾಗೇ ಮಾಡಿದ್ದಾರೆ, ಅವಳನ್ನೂ ಅವಳ ತಾಯಿ ಹಾಗೇ ಮಲಗಿಸಿದ್ದಿರಬೇಕು. ರಸ್ತೆಯಲ್ಲಿ ಸಾವು ಬರುವುದಾದರೆ ಸಪ್ಪಳ ಮಾಡುತ್ತಲೇ ಬರುತ್ತದೆಂಬ ನಂಬಿಕೆ ಅವರದು. ಹತ್ತೊಂಬತ್ತು ವರ್ಷ ನಾನೇ ಆ ನಂಬಿಕೆಯನ್ನು ಕಿವಿಗೆ ತುಂಬಿದ್ದೆ.

ಕೂಸನ್ನು ಎತ್ತಿದ್ದು ನಾನೇ. ಕೆನ್ನೆ ತಣ್ಣಗಿತ್ತು, ಕತ್ತು ನನ್ನ ಮೊಳಕೈಯ ಮೇಲೆ ಹಿಂದಕ್ಕೆ ಬಿತ್ತು. ರಕ್ತವಿರಲಿಲ್ಲ. ಹಣೆಯ ಮೇಲೆ ಒಂದು ಗೀರು, ಅಷ್ಟೇ. ಕರೆದೆ, ಅಲುಗಿಸಿದೆ, ಅಂಗಾಲು ಚಿವುಟಿದೆ. ಏಳಲಿಲ್ಲ. ಅವಳು ಯಾವಾಗಲೋ ಹತ್ತಿರ ಬಂದು ನಿಂತಿದ್ದಳು. ನೆಗಡಿಯಾಗಿ ರಾತ್ರಿಯಿಡೀ ಅತ್ತಿತ್ತು, ಬೆಳಗಿನ ಜಾವ ಔಷಧ ಹಾಕಿದ್ದೆ, ಅದಕ್ಕೇ ಮಲಗಿರಬೇಕು ಎಂದಳು. ಆಮೇಲೆ ನನ್ನನ್ನೇ ಪ್ರಶ್ನೆ ಕೇಳುವಂತೆ ನೋಡಿ, "ಮಲಗೇದಲ್ರಿ ಸರ?" ಎಂದಳು. ನನಗೆ ಗೊತ್ತಿರಲಿಲ್ಲ. ತರಗತಿಯಲ್ಲಿ ನನಗೆ ಉತ್ತರ ಗೊತ್ತಿಲ್ಲದಿದ್ದರೆ ಸಿಟ್ಟು ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಅಂದು ಅದೂ ಆಗಲಿಲ್ಲ. ಕಾರು ಹತ್ತು ಎಂದೆ.

ಶಹಾಪುರದ ದವಾಖಾನೆಗೆ ಅರ್ಧ ಗಂಟೆಯ ದಾರಿ. ಕಿಟಕಿ ಏರಿಸಿದೆ, ಫ್ಯಾನು ನಿಲ್ಲಿಸಿದೆ. ಆ ಕಾರಿನೊಳಗೆ ಅಂಥ ಮೌನವಿರುತ್ತದೆಂದು ನನಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ. ಹೊರಗೆ ಬರೀ ಬಿಳಿ, ಗಾಲಿ ನೆಲಕ್ಕೆ ಉಜ್ಜುವ ಸಣ್ಣ ಸದ್ದು. ಕೂಸಿನ ಮೂಗು ಕಟ್ಟಿತ್ತಲ್ಲ, ಆ ಮೌನದಲ್ಲಿ ಒಮ್ಮೆ ಸಣ್ಣಗೆ ಗೊರ್ ಎಂದಿತು. ಇಬ್ಬರೂ ಕೇಳಿದೆವು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ನಿಲ್ರಿ ಸರ ಎಂದಳು. ನಿಲ್ಲಿಸಿದೆ. ಗಾಲಿಯ ಸದ್ದೂ ನಿಂತಿತು. ಅವಳು ಕೂಸಿನ ಬಾಯಿಗೆ ಕಿವಿಯಿಟ್ಟಳು, ನಾನು ಹಿಂದಕ್ಕೆ ಬಾಗಿದೆ. ನನ್ನ ಎದೆಯ ಬಡಿತ ನನಗೇ ಅಡ್ಡ ಬರುತ್ತಿತ್ತು. ಎಷ್ಟು ಹೊತ್ತೋ. ಮತ್ತೆ ಆ ಗೊರ್ ಸದ್ದು. ಹೊರಟೆವು. ದಾರಿಯುದ್ದಕ್ಕೂ ಹೀಗೆ ಮೂರು ಸಲ ನಿಂತೆವು. ಮಂಜಿನೊಳಗೆ ಮಂದಿ ಬೆನ್ನು ಮಾಡಿ ನಡೆಯುತ್ತಿದ್ದರು, ನಾನು ಹಾರ್ನ್ ಹೊಡೆಯುತ್ತಲೇ ಹೋದೆ, ಹೊಡೆದಾಗಲೆಲ್ಲ ಕೂಸು ಏಳಲಿ ಎಂದು ಬೇಡಿಕೊಂಡೆ. ಏಳಲಿಲ್ಲ. ಶಹಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಲಾರಿಯೊಂದು ಪಕ್ಕದಲ್ಲೇ ಕಿರುಚಿದಾಗ ಕೂಸು ಬೆಚ್ಚಿ ಕೈಕಾಲು ಎತ್ತಿ ಅಳತೊಡಗಿತು. ನಾನು ಕಾರು ರಸ್ತೆ ನಡುವೆಯೇ ನಿಲ್ಲಿಸಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಹಿಂದಿನ ಗಾಡಿಯವರೆಲ್ಲ ಬೈದರು. ಅಷ್ಟು ಹಿತವಾದ ಬೈಗುಳವನ್ನು ನಾನು ಎಂದೂ ಕೇಳಿಲ್ಲ.

ಡಾಕ್ಟರು ಮೈಯೆಲ್ಲ ಒತ್ತಿ ನೋಡಿ, ಔಷಧ ಹೆಚ್ಚಾಗಿ ಮಂಪರು ಬಂದಿದೆ, ಬೇರೇನೂ ಇಲ್ಲ ಎಂದರು. ಹಣೆಯ ಗೀರು ಹೇಗಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅವಳು ತೊಟ್ಟಿಲಿನಿಂದ ಬಿತ್ತು ಎಂದಳು.

ವಾಪಸು ಬರುವಾಗ ಅವಳು ಊರ ಹೊರಗೇ ಇಳಿಸಲು ಹೇಳಿದಳು. ಇಳಿದು ಕಿಟಕಿಯ ಹತ್ತಿರ ಬಗ್ಗಿ, "ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ ಸರ. ರಸ್ತೆದಾಗ ಮಲಗಿಸಿದಾಕಿ ನಾನs ಅಂತಾರ" ಎಂದಳು. ಎಂಟು ವರ್ಷ ಕಾದು ಹುಟ್ಟಿದ ಕೂಸು, ಅದರ ಅಜ್ಜಿ, ಆ ಮನೆ, ಎಲ್ಲ ನನ್ನ ಕಣ್ಣ ಮುಂದೆ ಬಂತು. ತಪ್ಪು ನಿನ್ನದಲ್ಲ, ನಾನೇ ಬಂದು ಹೇಳುತ್ತೇನೆ ಎನ್ನಬೇಕಿತ್ತು. ಆಗಲಿ ಎಂದುಬಿಟ್ಟೆ. ಎಷ್ಟು ಬೇಗ ಆ ಮಾತು ಬಂತೆಂದರೆ ಅವಳೂ ಒಮ್ಮೆ ನನ್ನ ಮುಖ ನೋಡಿದಳು. ನನಗೆ ಹಗುರಾಗಿತ್ತು. ಆ ಹಗುರಾದದ್ದಕ್ಕೆ ನಾಚಿಕೆ ಇವತ್ತಿಗೂ ಇದೆ.

ಭಾನುವಾರ ಶೋರೂಮಿಗೆ ಹೋದೆ. ಆ ಸದ್ದಿನ ಪೆಟ್ಟಿಗೆಯನ್ನು ಹಾಕಿಕೊಡಿ, ಎಷ್ಟಾದರೂ ಆಗಲಿ ಎಂದೆ. ಈ ಮಾಡೆಲ್ಲಿಗೆ ಅದು ಕೂಡುವುದಿಲ್ಲವಂತೆ. ಮುಂದೆ ಬರುವುದರಲ್ಲಿ ಇದೇ ಬೆಲೆಗೆ ಅದೂ ಇರುತ್ತದೆ, ಸ್ವಲ್ಪ ಕಾಯಿರಿ ಸರ್ ಎಂದು ಅದೇ ಮಾರಾಟಗಾರ ನಗುತ್ತ ಹೇಳಿದ. ಅವನ ಮೇಲೆ ಕೈ ಮಾಡುವಷ್ಟು ಸಿಟ್ಟು ಬಂತು. ಅವನದೇನು ತಪ್ಪು, ಕಾಯುವುದನ್ನು ನನಗೆ ಹೊಸದಾಗಿ ಕಲಿಸಬೇಕಿರಲಿಲ್ಲ. ಮನೆಗೆ ಬಂದು ಫೋನಿನಲ್ಲಿದ್ದ ಆ ವಿಡಿಯೊಗಳನ್ನೆಲ್ಲ ಅಳಿಸಿದೆ. ಮಾರಿಬಿಡೋಣವೆಂದರೆ ಸೊಂಟ, ಸಾಲದ್ದಕ್ಕೆ ಜುಗ್ಗತನ. ಅದರಲ್ಲೇ ಓಡಾಡುತ್ತಿದ್ದೇನೆ. ಪ್ರತಿ ತಿರುವಿಗೂ ಹಾರ್ನ್ ಹೊಡೆಯುತ್ತೇನೆ, ತೊಗರಿ ಕಂಡರೆ ಇಳಿದು ನಡೆದು ನೋಡಿ ಆಮೇಲೆ ಹತ್ತಿಸುತ್ತೇನೆ. ಮಾಸ್ತರಿಗೆ ವಯಸ್ಸಾಯಿತು, ಹಾರ್ನಿನ ಹುಚ್ಚು ಹಿಡಿದಿದೆ ಎಂದು ಹುಡುಗರು ನಗುತ್ತಾರೆ. ನಗಲಿ.

ಬೇಸಿಗೆಯ ಒಂದು ಮಧ್ಯಾಹ್ನ ಶಾಲೆಯಿಂದ ಬರುವಾಗ ಅವಳು ಕಾಲುವೆ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೂಸು ಬೆನ್ನಿಗಿತ್ತು, ಹಳೆಯ ಸೀರೆಯಿಂದ ಬಿಗಿಯಾಗಿ ಕಟ್ಟಿದ್ದಳು. ಅದು ಈಗ ನಡೆಯುವ ವಯಸ್ಸಿಗೆ ಬಂದಿತ್ತು, ಇಳಿಯಲು ಒದ್ದಾಡುತ್ತಿತ್ತು. ನಾನು ದೂರದಲ್ಲೇ ನಿಂತೆ, ಇನ್ನೂ ಹಾರ್ನ್ ಹೊಡೆದಿರಲಿಲ್ಲ. ಅವಳು ಎರಡು ಸಲ ಬಟ್ಟೆ ಬಡಿದು ನಿಲ್ಲಿಸಿ ಹಿಂದೆ ತಿರುಗಿ ನೋಡಿದಳು. ನಾನು ಇದ್ದ ಕಡೆಗಲ್ಲ, ಇನ್ನೊಂದು ಕಡೆಗೆ. ಅಲ್ಲಿ ಬಿಸಿಲಿನ ಹೊರತು ಏನೂ ಇರಲಿಲ್ಲ. ಮತ್ತೆ ಎರಡು ಸಲ ಬಡಿದಳು, ಮತ್ತೆ ತಿರುಗಿದಳು. ಎಷ್ಟೋ ಹೊತ್ತು ನೋಡಿದೆ, ಅದು ನಿಲ್ಲಲಿಲ್ಲ.

ಹಾರ್ನ್ ಹೊಡೆದು ಹತ್ತಿರ ಹೋಗಿ ಇಳಿದೆ. ಯಾಕವ್ವ ಹೀಗೆ ತಿರುಗಿ ತಿರುಗಿ ನೋಡುತ್ತೀ, ನಾನು ಹಾರ್ನ್ ಹೊಡೆದೇ ಬರುತ್ತೇನಲ್ಲ ಎಂದೆ.

"ಹೌದ್ರಿ ಸರ, ಕೇಳ್ತದ. ನಿಮ್ಮ ಹಾರ್ನ್ ಕೇಳಿದ್ರ ಜೀವಕ್ಕ ಸಮಾಧಾನ ಆಗ್ತದ" ಎಂದು ಅವಳು ಬಟ್ಟೆ ಹಿಂಡಿದಳು. "ಉಳದ ಹೊತ್ತೆಲ್ಲ ರಸ್ತೆ ಸುಮ್ಮನ ಇರ್ತದಲ್ರಿ."

ಹೇಳುತ್ತಲೇ ಮತ್ತೊಮ್ಮೆ ಹಿಂದೆ ತಿರುಗಿ ನೋಡಿದಳು.